ಖಾಲಿ ನಿಂತ ಯಂತ್ರದ ಲೆಕ್ಕ

ಎಂಆರ್‌ಐ ಯಂತ್ರವನ್ನು ಸಂಜೆ ಆರಿಸಿ, ಕೋಣೆಗೆ ಬೀಗ ಹಾಕಿಕೊಂಡು ಮನೆಗೆ ಹೋಗಲು ಬರುವುದಿಲ್ಲ. ಅದರ ಒಡಲಲ್ಲಿರುವ ಅಯಸ್ಕಾಂತಕ್ಕೆ ಹಗಲು, ರಾತ್ರಿ, ಭಾನುವಾರ, ಯುಗಾದಿ ಎಲ್ಲವೂ ಒಂದೇ. ನಯೋಬಿಯಂ ಮತ್ತು ಟೈಟಾನಿಯಂ ಬೆರೆಸಿದ ತಂತಿಯನ್ನು ಕಿಲೋಮೀಟರ್‌ಗಟ್ಟಲೆ ಸುತ್ತಿ ಮಾಡಿದ ಸುರುಳಿ ಅದು. ದ್ರವ ಹೀಲಿಯಂ ಬಳಸಿ ಮೈನಸ್ 269 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿಟ್ಟಾಗ ಈ ತಂತಿ ವಿದ್ಯುತ್ತಿಗೆ ಒಂದಿಷ್ಟೂ ತಡೆ ಒಡ್ಡುವುದಿಲ್ಲ. ಒಮ್ಮೆ ಹರಿಯಬಿಟ್ಟ ಕರೆಂಟು ವರ್ಷಗಟ್ಟಲೆ ತಾನಾಗಿಯೇ ಸುತ್ತುತ್ತಿರುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30 ಸಾವಿರ ಪಟ್ಟು ಪ್ರಬಲವಾಗಿರುವುದು ಹೀಗೆ. ಸುರುಳಿಯೊಳಗಿನ ಕರೆಂಟಿಗೆ ಬಿಲ್ಲಿಲ್ಲ ನಿಜ, ಆದರೆ ಆ ಚಳಿಯನ್ನು ಕಾಪಾಡುವ ಕಂಪ್ರೆಸರ್ ದಿನದ 24 ಗಂಟೆಯೂ ಓಡಬೇಕು. ಅದು ಬಹಳ ಹೊತ್ತು ನಿಂತರೆ ಹೀಲಿಯಂ ಕುದಿದು ಕೊಳವೆಯ ಮೂಲಕ ಆಕಾಶಕ್ಕೆ ಹಾರಿಹೋಗುತ್ತದೆ, ಮತ್ತೆ ತುಂಬಿಸಲು ಲಕ್ಷಗಟ್ಟಲೆ ಹಣ ಸುರಿಯಬೇಕಾಗುತ್ತದೆ. ಸಿಟಿ ಯಂತ್ರದ ಸ್ವಭಾವ ಇಷ್ಟು ಹಟಮಾರಿಯಲ್ಲ, ಆದರೂ ಅದೇ ಜಾತಿಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮೂರು ಸಿಟಿ ಮತ್ತು ನಾಲ್ಕು ಎಂಆರ್‌ಐ ಯಂತ್ರಗಳ ವಿದ್ಯುತ್ ಬಳಕೆಯನ್ನು ಅಳೆದು 2020ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಏಳು ಯಂತ್ರಗಳು ಮತ್ತು ಅವುಗಳ ಶೀತಲ ವ್ಯವಸ್ಥೆ ಸೇರಿ ಇಡೀ ಆಸ್ಪತ್ರೆಯ ವಿದ್ಯುತ್ತಿನಲ್ಲಿ ಸುಮಾರು ಶೇ. 4ನ್ನು ನುಂಗುತ್ತಿದ್ದವು. ಸಿಟಿ ಯಂತ್ರಗಳು ಬಳಸಿದ ವಿದ್ಯುತ್ತಿನಲ್ಲಿ ಮೂರನೇ ಎರಡು ಪಾಲು ಹೋದದ್ದು ಅವುಗಳ ಮೇಲೆ ಯಾರೂ ಮಲಗಿರದ ಹೊತ್ತಿನಲ್ಲಿ.

ಸ್ಕ್ಯಾನಿಂಗ್‌ನ ಖರ್ಚನ್ನು ಅರ್ಥ ಮಾಡಿಕೊಳ್ಳಲು ಹೊರಡುವವರು ಈ ಭೌತವಿಜ್ಞಾನದಿಂದಲೇ ಶುರು ಮಾಡುವುದು ಒಳ್ಳೆಯದು. ಇಲ್ಲಿ ಖರ್ಚಿನ ಬಹುಪಾಲು ರೋಗಿ ಬರುವ ಮೊದಲೇ ಆಗಿಹೋಗಿರುತ್ತದೆ. ರೋಗಿಯ ಕೈಗೆ ಬರುವ ಬಿಲ್ಲು ಖರ್ಚಿನ ಲೆಕ್ಕವಲ್ಲ. ಸೆಂಟರಿನ ಮಾಲೀಕರಿಗೆ ಎಷ್ಟು ಕೇಳಿದರೆ ದಕ್ಕೀತು ಎಂಬ ಅಂದಾಜು ಅದು. ಬಿಲ್ಲನ್ನು ಪಕ್ಕಕ್ಕಿಟ್ಟು ಸೆಂಟರಿನ ಪುಸ್ತಕಗಳನ್ನೇ ತೆರೆದು ಕುಳಿತರೂ ‘ಒಂದು ಎಂಆರ್‌ಐಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ’ ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರ ಸಿಗುವುದಿಲ್ಲ. ಯಂತ್ರ ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತದೆ ಎಂಬುದನ್ನು ಹೇಳದೆ ಕೊಟ್ಟ ಯಾವ ಉತ್ತರವೂ ಉತ್ತರವಲ್ಲ ಎಂಬುದು ಈ ಅಧ್ಯಾಯದ ವಾದ. ಸ್ಕ್ಯಾನಿಂಗ್ ಲೋಕದ ಹಲವು ಕಾಯಿಲೆಗಳು, ಅಂದರೆ ಕಮಿಷನ್, ಬೇಡದ ಪರೀಕ್ಷೆ, ಸಣ್ಣ ಊರಿನಲ್ಲಿ ಯಂತ್ರವೇ ಇಲ್ಲದಿರುವುದು, ಇವೆಲ್ಲ ಖಾಲಿ ಗಂಟೆಯ ಖರ್ಚನ್ನು ಯಾರ ತಲೆಗೆ ಕಟ್ಟಬೇಕೆಂದು ನಾವು ತೀರ್ಮಾನಿಸದೆ ಬಿಟ್ಟದ್ದರ ಫಲ.

ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ಕಲ್ಪಿತ, ಲೆಕ್ಕದ ನಡೆಯನ್ನು ತೋರಿಸುವುದಷ್ಟೇ ಅವುಗಳ ಕೆಲಸ. ಯಂತ್ರ, ತಾಮ್ರದ ಹೊದಿಕೆಯ ಕೋಣೆ, ಚಿಲ್ಲರ್, ಯುಪಿಎಸ್ ಎಲ್ಲ ಸೇರಿ 8 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 10ರ ಬಡ್ಡಿಯಲ್ಲಿ 10 ವರ್ಷಕ್ಕೆ ಸಮಾನ ಕಂತು ಮಾಡಿದರೆ ವರ್ಷಕ್ಕೆ 1 ಕೋಟಿ 30 ಲಕ್ಷ. ನಿರ್ವಹಣಾ ಒಪ್ಪಂದಕ್ಕೆ ಯಂತ್ರದ ಬೆಲೆಯ ಶೇ. 6, ಅಂದರೆ 48 ಲಕ್ಷ. ವಿದ್ಯುತ್ತಿಗೆ 15 ಲಕ್ಷ, ಟೆಕ್ನಿಷಿಯನ್, ನರ್ಸು, ಕೌಂಟರಿನವರು ಮತ್ತು ಇತರ ಖರ್ಚಿಗೆ 27 ಲಕ್ಷ. ಒಟ್ಟು ವರ್ಷಕ್ಕೆ 2 ಕೋಟಿ 20 ಲಕ್ಷ. ಇದಷ್ಟೂ ಒಬ್ಬ ರೋಗಿಯೂ ಬಾರದಿದ್ದರೂ ಕಟ್ಟಲೇಬೇಕಾದ ಹಣ. ರೋಗಿ ಬಂದಾಗ ಹೊಸದಾಗಿ ತಗಲುವುದು ರೇಡಿಯಾಲಜಿಸ್ಟರ ರಿಪೋರ್ಟ್ ಶುಲ್ಕ, ಫಿಲ್ಮು, ಸಣ್ಣಪುಟ್ಟ ಸಾಮಾನು. ತಲೆಗೆ 700 ರೂಪಾಯಿ ಇರಲಿ. ಈಗ ವರ್ಷಕ್ಕೆ 300 ದಿನ, ದಿನಕ್ಕೆ 20 ಜನ ಬಂದರೆ ಒಂದು ಸ್ಕ್ಯಾನಿಗೆ ತಗಲುವ ಖರ್ಚು 4,367 ರೂಪಾಯಿ. ಅದೇ ಯಂತ್ರಕ್ಕೆ ದಿನಕ್ಕೆ 8 ಜನ ಬಂದರೆ 9,867 ರೂಪಾಯಿ. ಯಂತ್ರವೂ ಅದೇ, ಚಿತ್ರದ ಗುಣಮಟ್ಟವೂ ಅದೇ, ರಿಪೋರ್ಟ್ ಬರೆದವರೂ ಅವರೇ. ಇನ್ನು, ಒಂಬತ್ತನೆಯ ರೋಗಿಯೊಬ್ಬರು ಬಾಗಿಲಲ್ಲಿ ನಿಂತರೆ ಅವರಿಗಾಗಿ ಹೊಸದಾಗಿ ಆಗುವ ಖರ್ಚು ಬರೀ 700. ಈ ಮೂರು ಸಂಖ್ಯೆಗಳಲ್ಲಿ ಯಾವುದೂ ಸುಳ್ಳಲ್ಲ. ಮದುವೆ ಛತ್ರ ನಡೆಸುವವರಿಗೆ ಈ ಗಣಿತ ಯಾರೂ ಹೇಳಿಕೊಡಬೇಕಿಲ್ಲ: ಆಷಾಢದಲ್ಲಿ ಖಾಲಿ ಬಿದ್ದ ಛತ್ರದ ಸಾಲದ ಕಂತನ್ನು ವೈಶಾಖದ ಮದುವೆಗಳೇ ಹೊರಬೇಕು.

ಇಷ್ಟು ಸರಳ ಲೆಕ್ಕದಲ್ಲೂ ಜಾರಿ ಬೀಳುವ ಜಾಗಗಳಿವೆ. ಮೊದಲನೆಯದು ಬಡ್ಡಿ. ಸರ್ಕಾರಿ ಆಸ್ಪತ್ರೆಗೆ ಯಂತ್ರ ಅನುದಾನದಲ್ಲಿ ಬಂದರೆ ಲೆಕ್ಕದ ಪುಸ್ತಕದಲ್ಲಿ ಬಡ್ಡಿ ಇರುವುದಿಲ್ಲ. ಕೆಲವೊಮ್ಮೆ ಸವಕಳಿಯೂ ಇರುವುದಿಲ್ಲ. ಆಗ ‘ನಮ್ಮಲ್ಲಿ ಸ್ಕ್ಯಾನಿಂಗ್ ಎಷ್ಟು ಅಗ್ಗ ನೋಡಿ’ ಎನ್ನುವುದು ಸುಲಭ. ಆದರೆ ನಮ್ಮ ಉದಾಹರಣೆಯಲ್ಲಿ 8 ಕೋಟಿಯನ್ನು ಸುಮ್ಮನೆ ಹತ್ತರಿಂದ ಭಾಗಿಸಿದರೆ ಸಿಗುವುದು 80 ಲಕ್ಷ. ಬಡ್ಡಿ ಸೇರಿದಾಗ 1 ಕೋಟಿ 30 ಲಕ್ಷ. ಆ 50 ಲಕ್ಷ ಎಲ್ಲಿಗೂ ಹೋಗಿಲ್ಲ, ತೆರಿಗೆ ಕಟ್ಟುವವರ ಖಾತೆಯಲ್ಲಿ ಕೂತಿದೆ. ಎರಡನೆಯದು ತೆರಿಗೆ. ನಮ್ಮಲ್ಲಿ ಆರೋಗ್ಯ ಸೇವೆಗೆ ಜಿಎಸ್‌ಟಿ ಇಲ್ಲ ಎಂದು ಸಂತೋಷಪಡುತ್ತೇವೆ. ಸೇವೆಗೆ ವಿನಾಯಿತಿ ಇರುವ ಕಾರಣಕ್ಕೇ ಯಂತ್ರ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಆಸ್ಪತ್ರೆ ಹಿಂಪಡೆಯಲಾಗುವುದಿಲ್ಲ. ಅದು ಯಂತ್ರದ ಬೆಲೆಯೊಳಗೆ ಸೇರಿ, ಕಂತಿನೊಳಗೆ ಸೇರಿ, ಕೊನೆಗೆ ರೋಗಿಯ ಬಿಲ್ಲಿಗೇ ಬರುತ್ತದೆ. 2020ರ ಕೇಂದ್ರ ಬಜೆಟ್ಟು ಆಮದು ವೈದ್ಯಕೀಯ ಉಪಕರಣಗಳ ಮೇಲೆ ಶೇ. 5ರ ಆರೋಗ್ಯ ಸೆಸ್ ಹಾಕಿದ್ದೂ ಇದೇ ದಾರಿಯಲ್ಲಿ ಸಾಗುತ್ತದೆ. ಮೂರನೆಯದು ಸಿಟಿ ಯಂತ್ರದ ಎಕ್ಸ್-ರೇ ಕೊಳವೆ. ಅದಕ್ಕೆ ಆಯುಷ್ಯ ಇಷ್ಟೇ ಎಂದಿರುತ್ತದೆ, ಬದಲಿಸುವಾಗ ದೊಡ್ಡ ಮೊತ್ತ ಬೇಕು. ಹೆಚ್ಚು ದುಡಿದಷ್ಟೂ ಬೇಗ ಸವೆಯುವ ಅಪರೂಪದ ಭಾಗ ಇದು. ಹೀಗಾಗಿ ಸಿಟಿಯಲ್ಲಿ ರೋಗಿಗಳ ಸಂಖ್ಯೆ ಹೆಚ್ಚಿದಂತೆ ಖರ್ಚು ಎಂಆರ್‌ಐನಷ್ಟು ಕಡಿದಾಗಿ ಇಳಿಯುವುದಿಲ್ಲ.

ತಲೆಗೆ ಇಷ್ಟು ಎಂದು ಹಂಚುವ ಬದಲು ನಿಮಿಷಕ್ಕೆ ಇಷ್ಟು ಎಂದು ಹಂಚಿದರೆ ಲೆಕ್ಕ ಇನ್ನಷ್ಟು ಪ್ರಾಮಾಣಿಕವಾಗುತ್ತದೆ. ಹಾರ್ವರ್ಡ್‌ನ ರಾಬರ್ಟ್ ಕಪ್ಲಾನ್ ಮತ್ತು ಸ್ಟೀವನ್ ಆಂಡರ್ಸನ್ 2004ರಲ್ಲಿ ಮುಂದಿಟ್ಟ ವಿಧಾನ ಇದು. 2011ರಲ್ಲಿ ಕಪ್ಲಾನ್ ಅವರು ಮೈಕೆಲ್ ಪೋರ್ಟರ್ ಜೊತೆ ಸೇರಿ ಇದನ್ನು ಆಸ್ಪತ್ರೆಗಳಿಗೆ ಅನ್ವಯಿಸಿ ಬರೆದರು. ಕೇಳಬೇಕಾದ ಪ್ರಶ್ನೆ ಎರಡೇ. ಯಂತ್ರದ ಒಂದು ನಿಮಿಷಕ್ಕೆ ಎಷ್ಟು ಖರ್ಚು? ಈ ಪರೀಕ್ಷೆಗೆ ಎಷ್ಟು ನಿಮಿಷ ಬೇಕು? ಇಲ್ಲಿ ಒಂದು ಜಾಣತನವಿದೆ. ಖರ್ಚನ್ನು ಭಾಗಿಸುವುದು ಯಂತ್ರ ನಿಜಕ್ಕೂ ದುಡಿದ ನಿಮಿಷಗಳಿಂದಲ್ಲ, ಸಮಂಜಸವಾಗಿ ದುಡಿಯಬಹುದಾಗಿದ್ದ ನಿಮಿಷಗಳಿಂದ. ನಮ್ಮ ಯಂತ್ರ ದಿನಕ್ಕೆ 12 ಗಂಟೆ ತೆರೆದಿರುತ್ತದೆ, ಅದರಲ್ಲಿ ಶೇ. 80ರಷ್ಟು ಹೊತ್ತು ಬಳಸಲು ಸಾಧ್ಯ ಎಂದುಕೊಂಡರೆ ವರ್ಷಕ್ಕೆ 1,72,800 ನಿಮಿಷ. ನಿಮಿಷಕ್ಕೆ ಸುಮಾರು 127 ರೂಪಾಯಿ. ಅರ್ಧ ಗಂಟೆಯ ಪರೀಕ್ಷೆಗೆ ಯಂತ್ರದ ಪಾಲು 3,820, ರೋಗಿಯ ನೇರ ಖರ್ಚು 700, ಒಟ್ಟು 4,520. ದಿನಕ್ಕೆ ಎಂಟೇ ಜನ ಬಂದರೂ ಈ ಸಂಖ್ಯೆ ಬದಲಾಗುವುದಿಲ್ಲ. ಬದಲಾಗುವುದು ಇನ್ನೊಂದು ಸಾಲು: ‘ಬಳಸದೆ ಉಳಿದ ಸಾಮರ್ಥ್ಯದ ಖರ್ಚು, ವರ್ಷಕ್ಕೆ 1 ಕೋಟಿ 28 ಲಕ್ಷ’. ಹಳೆಯ ಲೆಕ್ಕದಲ್ಲಿ ಈ ಹಣ ಎಂಟು ರೋಗಿಗಳ ಬಿಲ್ಲಿನೊಳಗೆ ಕಾಣದಂತೆ ಕರಗಿಹೋಗಿತ್ತು. ಈಗ ಅದು ಪ್ರತ್ಯೇಕ ಸಾಲಾಗಿ, ಮಾಲೀಕರ ಕಣ್ಣಿಗೆ ರಾಚುವಂತೆ ನಿಂತಿದೆ. ಲೆಕ್ಕಪತ್ರದ ಯಾವ ಸುಧಾರಣೆಯೂ ಖರ್ಚನ್ನು ಕಡಿಮೆ ಮಾಡುವುದಿಲ್ಲ. ಅದು ಯಾರದೆಂದು ತೋರಿಸಬಲ್ಲದು, ಅಷ್ಟೆ.

ಬಳಕೆಯ ಗಂಟೆ ಎಂಬ ಈ ಒಂದು ಊಹೆ ಎಷ್ಟು ದೊಡ್ಡ ಹಣವನ್ನು ಅತ್ತಿತ್ತ ತಳ್ಳುತ್ತದೆ ಎಂಬುದಕ್ಕೆ ಅಮೆರಿಕದ ಮೆಡಿಕೇರ್‌ಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಹಿರಿಯ ನಾಗರಿಕರ ಈ ಸರ್ಕಾರಿ ವಿಮೆ ವೈದ್ಯರಿಗೆ ಹಣ ಕೊಡುವಾಗ ಉಪಕರಣದ ನಿಮಿಷದ ಖರ್ಚನ್ನು ಒಂದು ಸೂತ್ರದಿಂದ ಲೆಕ್ಕ ಹಾಕುತ್ತದೆ. ಯಂತ್ರದ ಬೆಲೆ, ಬಡ್ಡಿ, ಆಯುಷ್ಯ, ನಿರ್ವಹಣೆಗೆ ಶೇ. 5, ಇವೆಲ್ಲವನ್ನೂ ಸೇರಿಸಿ ವರ್ಷಕ್ಕೆ 1,50,000 ನಿಮಿಷಗಳಲ್ಲಿ ಯಂತ್ರ ಎಷ್ಟು ಪಾಲು ದುಡಿಯುತ್ತದೆ ಎಂಬ ಸಂಖ್ಯೆಯಿಂದ ಭಾಗಿಸುವುದು. ಬಹುಕಾಲ ಆ ಪಾಲು ಶೇ. 50 ಎಂದೇ ಇತ್ತು. ಅಂದರೆ ಪ್ರತಿ ಯಂತ್ರವೂ ಅರ್ಧ ಹೊತ್ತು ಖಾಲಿ ಇರುತ್ತದೆ, ಆ ಖಾಲಿ ಹೊತ್ತಿಗೂ ನಾವು ದುಡ್ಡು ಕೊಡುತ್ತೇವೆ ಎಂದು ಸರ್ಕಾರವೇ ಒಪ್ಪಿಕೊಂಡಂತೆ. ಸಂಸತ್ತಿಗೆ ಸಲಹೆ ಕೊಡುವ ಮೆಡ್‌ಪ್ಯಾಕ್ ಆಯೋಗ 2006ರಲ್ಲಿ ಆರು ಪ್ರದೇಶಗಳ ಕೇಂದ್ರಗಳ ಸಮೀಕ್ಷೆ ನಡೆಸಿದಾಗ ಎಂಆರ್‌ಐ ಮತ್ತು ಸಿಟಿ ಯಂತ್ರಗಳು ಅದಕ್ಕಿಂತ ಬಹಳ ಹೆಚ್ಚು ಹೊತ್ತು ದುಡಿಯುತ್ತಿರುವುದು ಕಂಡುಬಂತು. 2010ರ ಆರೋಗ್ಯ ಕಾಯ್ದೆಯ ಪ್ರಕಾರ 2011ರಿಂದ ದುಬಾರಿ ಇಮೇಜಿಂಗ್ ಯಂತ್ರಗಳ ಪಾಲು ಶೇ. 75 ಆಯಿತು, ಆಮೇಲಿನ ಇನ್ನೊಂದು ಕಾಯ್ದೆಯ ಪ್ರಕಾರ 2014ರಿಂದ ಶೇ. 90. 75 ಸಾವಿರ ನಿಮಿಷದಿಂದ ಭಾಗಿಸುತ್ತಿದ್ದಲ್ಲಿ 1,35,000 ನಿಮಿಷದಿಂದ ಭಾಗಿಸತೊಡಗಿದರೆ ಉಪಕರಣದ ನಿಮಿಷದ ಖರ್ಚು ಶೇ. 44ರಷ್ಟು ಇಳಿಯುತ್ತದೆ. ಯಾವ ಯಂತ್ರದ ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ. ರೇಡಿಯಾಲಜಿಸ್ಟರು ಪ್ರತಿಭಟಿಸಿದರು. ನಗರದ ಯಂತ್ರ ಶೇ. 90 ದುಡಿದೀತು, ಹಳ್ಳಿಗಾಡಿನ ಯಂತ್ರಕ್ಕೆ ಅಷ್ಟು ರೋಗಿಗಳನ್ನು ಎಲ್ಲಿಂದ ತರುವುದು ಎಂಬುದು ಅವರ ವಾದ. ಅದರಲ್ಲಿ ಸ್ವಾರ್ಥವೂ ಇತ್ತು, ಸತ್ಯವೂ ಇತ್ತು.

ಇದೇ ಮೆಡಿಕೇರ್‌ನ ಇನ್ನೊಂದು ಪ್ರಸಂಗ ಇದಕ್ಕಿಂತ ವಿಚಿತ್ರ. ಅಮೆರಿಕದ ಆಸ್ಪತ್ರೆಗಳು ತಮ್ಮ ಖರ್ಚಿನ ವರದಿಯನ್ನು ಪ್ರತಿ ವರ್ಷ ಸಲ್ಲಿಸಬೇಕು. 2014ರಿಂದ ಹೊರರೋಗಿ ಸೇವೆಯ ದರ ನಿಗದಿಗೆ ಸಿಟಿ ಮತ್ತು ಎಂಆರ್‌ಐಗಳ ಖರ್ಚನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಲು ಮುಂದಾದಾಗ ಫಲಿತಾಂಶ ನಂಬುವಂತಿರಲಿಲ್ಲ. ಸಿಟಿ ಸ್ಕ್ಯಾನಿನ ಖರ್ಚು ಸಾದಾ ಎಕ್ಸ್-ರೇಯ ಹತ್ತಿರಕ್ಕೆ ಬಂದಿತ್ತು. ಕಾರಣ ಹುಡುಕಿದರೆ ಸಿಕ್ಕಿದ್ದು ನೆಲದ ಅಳತೆ. ಎಷ್ಟೋ ಆಸ್ಪತ್ರೆಗಳು ಎಲ್ಲ ಯಂತ್ರೋಪಕರಣಗಳ ಖರ್ಚನ್ನು ಒಂದೇ ರಾಶಿ ಮಾಡಿ, ವಿಭಾಗಗಳು ಆಕ್ರಮಿಸಿದ ಚದರಡಿಗೆ ತಕ್ಕಂತೆ ಹಂಚುತ್ತಿದ್ದವು. ಸಿಟಿ ಯಂತ್ರ ಒಂದು ಕೋಣೆಯಲ್ಲಿರುತ್ತದೆ, ವಾರ್ಡುಗಳು ಅಂತಸ್ತುಗಟ್ಟಲೆ ಹಬ್ಬಿರುತ್ತವೆ. ಹೀಗಾಗಿ ಕೋಟಿಗಟ್ಟಲೆ ಬೆಲೆಯ ಯಂತ್ರದ ಖರ್ಚಿನ ಸಿಂಹಪಾಲು ವಾರ್ಡಿನ ಮಂಚಗಳ ಹೆಸರಿಗೆ ಬರೆದುಹೋಗಿತ್ತು. ಚದರಡಿ ಹಂಚಿಕೆ ಮಾಡಿದ ಆಸ್ಪತ್ರೆಗಳ ಅಂಕಿಗಳನ್ನು ಹಲವು ವರ್ಷ ಲೆಕ್ಕದಿಂದ ಹೊರಗಿಡಬೇಕಾಯಿತು. ಯಾರೂ ಮೋಸ ಮಾಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಆಡಿಟ್ ಆದ, ಸಹಿ ಬಿದ್ದ, ಕಾನೂನುಬದ್ಧ ಪುಸ್ತಕಗಳೇ ಇಷ್ಟು ದಾರಿ ತಪ್ಪಿಸಬಲ್ಲವು.

ಹಾಗಾದರೆ ಖಾಲಿ ಗಂಟೆಯ ಹೊರೆ ಹೊತ್ತ ಮಾಲೀಕರು ಏನು ಮಾಡುತ್ತಾರೆ? ಗಂಟೆಯನ್ನು ತುಂಬಿಸಲು ನೋಡುತ್ತಾರೆ. ಒಬ್ಬ ಹೆಚ್ಚುವರಿ ರೋಗಿಗೆ ತಗಲುವ ಖರ್ಚು 700, ವಸೂಲಾಗುವುದು 7,000 ಎಂದರೆ ನಡುವೆ 6,300 ರೂಪಾಯಿ ಇದೆ. ಆ ರೋಗಿಯನ್ನು ಕಳಿಸಿಕೊಟ್ಟ ವೈದ್ಯರಿಗೆ ಶೇ. 35 ಕಮಿಷನ್, ಅಂದರೆ 2,450 ಕೊಟ್ಟರೂ 3,850 ಉಳಿಯುತ್ತದೆ. ಈ ಶೇ. 35 ನನ್ನ ಕಲ್ಪನೆಯಲ್ಲ. 2017ರ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಕೆಲವು ಡಯಾಗ್ನೋಸ್ಟಿಕ್ ಕೇಂದ್ರಗಳು ಮತ್ತು ಐವಿಎಫ್ ಕೇಂದ್ರಗಳನ್ನು ಶೋಧಿಸಿದ ಮೇಲೆ ಹೊರಡಿಸಿದ ಹೇಳಿಕೆಯಲ್ಲಿ, ವೈದ್ಯರಿಗೆ ಸಲ್ಲುವ ಕಮಿಷನ್ ಸಾಮಾನ್ಯವಾಗಿ ಎಂಆರ್‌ಐಗೆ ಶೇ. 35, ಸಿಟಿ ಮತ್ತು ಲ್ಯಾಬ್ ಪರೀಕ್ಷೆಗಳಿಗೆ ಶೇ. 20 ಎಂದಿತ್ತು, ಪುಸ್ತಕದಲ್ಲಿ ಅದನ್ನು ಮಾರ್ಕೆಟಿಂಗ್ ಖರ್ಚೆಂದು ತೋರಿಸಲಾಗುತ್ತಿತ್ತು. ಎಂಆರ್‌ಐಗೆ ಹೆಚ್ಚು, ಸಿಟಿಗೆ ಕಡಿಮೆ ಏಕೆ? ವೈದ್ಯರ ದುರಾಸೆ ಯಂತ್ರದಿಂದ ಯಂತ್ರಕ್ಕೆ ಬದಲಾಗುವುದಿಲ್ಲ. ಎಂಆರ್‌ಐಯಲ್ಲಿ ಸ್ಥಿರ ಖರ್ಚಿನ ಪಾಲು ದೊಡ್ಡದು, ಹಾಗಾಗಿ ಹೆಚ್ಚುವರಿ ರೋಗಿಯಿಂದ ಉಳಿಯುವ ಹಣವೂ ದೊಡ್ಡದು, ಹಂಚಲು ಜಾಗ ಹೆಚ್ಚು ಎಂಬುದು ನನ್ನ ಓದು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿಸಂಹಿತೆ ಇಂಥ ಕಮಿಷನ್ನನ್ನು ಸ್ಪಷ್ಟವಾಗಿ ನಿಷೇಧಿಸಿದೆ. ನಿಷೇಧ ಗೆಲ್ಲದಿರುವುದಕ್ಕೆ ನೈತಿಕತೆಯ ಕೊರತೆಯಷ್ಟೇ ಕಾರಣವಲ್ಲ. ಖಾಲಿ ಯಂತ್ರದ ಕಂತು ಪ್ರತಿ ತಿಂಗಳು ಬಾಗಿಲು ಬಡಿಯುತ್ತಿರುತ್ತದೆ.

ಇಲ್ಲಿ ಅರ್ಥಶಾಸ್ತ್ರ ಓದಿದವರು ಒಂದು ಮಾತು ಹೇಳುತ್ತಾರೆ: ಸೆಂಟರುಗಳು ಹೆಚ್ಚಲಿ, ಪೈಪೋಟಿ ನಡೆಯಲಿ, ದರ ತಾನಾಗಿ ಇಳಿಯುತ್ತದೆ. ತರಕಾರಿಗೆ ಇದು ನಿಜವಿರಬಹುದು. ಒಂದು ರಸ್ತೆಯಲ್ಲಿ ಒಂದಿದ್ದ ಎಂಆರ್‌ಐ ಮೂರಾದರೆ ರೋಗಿಗಳು ಮೂರು ಪಟ್ಟಾಗುವುದಿಲ್ಲ. ಪ್ರತಿ ಯಂತ್ರದ ಖಾಲಿ ಹೊತ್ತು ಹೆಚ್ಚುತ್ತದೆ, ತಲೆಗೆ ಬೀಳುವ ಖರ್ಚು ಏರುತ್ತದೆ. ಎಲ್ಲಿ ಸ್ಕ್ಯಾನ್ ಮಾಡಿಸಬೇಕೆಂದು ತೀರ್ಮಾನಿಸುವವರು ಬಹುಪಾಲು ರೋಗಿಯಲ್ಲ, ಚೀಟಿ ಬರೆಯುವ ವೈದ್ಯರು. ಹೀಗಾಗಿ ಪೈಪೋಟಿ ನಡೆಯುವುದು ದರದ ಮೇಲಲ್ಲ, ಕಮಿಷನ್ ಮೇಲೆ. ಇದಕ್ಕೆ ಜಪಾನನ್ನು ಎದುರು ಸಾಕ್ಷಿಯಾಗಿ ನಿಲ್ಲಿಸಬಹುದು. ಅಲ್ಲಿ ಹತ್ತು ಲಕ್ಷ ಜನಕ್ಕೆ 50ಕ್ಕೂ ಹೆಚ್ಚು ಎಂಆರ್‌ಐ ಯಂತ್ರಗಳಿವೆ, ಜಗತ್ತಿನಲ್ಲೇ ಅತಿ ಹೆಚ್ಚು. ಆದರೂ ದರ ಅಮೆರಿಕಕ್ಕಿಂತ ಎಷ್ಟೋ ಕಡಿಮೆ. ಆದರೆ ಆ ದರ ಪೈಪೋಟಿಯಿಂದ ಇಳಿದದ್ದಲ್ಲ. ಇಡೀ ದೇಶಕ್ಕೆ ಒಂದೇ ದರಪಟ್ಟಿ, ಎರಡು ವರ್ಷಕ್ಕೊಮ್ಮೆ ಅದರ ಪರಿಷ್ಕರಣೆ. 2002ರಲ್ಲಿ ಎಂಆರ್‌ಐ ದರವನ್ನು ಒಂದೇ ಏಟಿಗೆ ಸುಮಾರು ಶೇ. 35 ಇಳಿಸಲಾಯಿತು ಎಂದು ಅಲ್ಲಿನ ಆರೋಗ್ಯ ಅರ್ಥಶಾಸ್ತ್ರಜ್ಞ ನಾವೊಕಿ ಇಕೆಗಾಮಿ ವಿವರಿಸಿದ್ದಾರೆ. ಆಸ್ಪತ್ರೆಗಳು ಕಂಪನಿಗಳ ಬಳಿ ಅಗ್ಗದ ಯಂತ್ರ ಕೇಳಿದವು, ಕಂಪನಿಗಳು ಅಗ್ಗದ ಯಂತ್ರ ಮಾಡಿಕೊಟ್ಟವು. ಖರ್ಚು ಮೊದಲು, ದರ ಆಮೇಲೆ ಎಂದು ನಾವು ಭಾವಿಸುತ್ತೇವೆ. ಜಪಾನಿನಲ್ಲಿ ದರ ಮೊದಲು ಬಂತು, ಖರ್ಚು ಅದರ ಹಿಂದೆ ಬಂತು. ಈ ಪಾಠವನ್ನು ನಮ್ಮ ದರ ನಿಗದಿಯ ಚರ್ಚೆಗಳಲ್ಲಿ ಯಾರೂ ಎತ್ತುವುದಿಲ್ಲ ಎಂಬುದು ನನ್ನ ದೂರು. ಆದರೆ ಹೆಚ್ಚು ಯಂತ್ರಗಳನ್ನು ಸಾಕಲು ಹೆಚ್ಚು ಸ್ಕ್ಯಾನುಗಳೂ ಬೇಕಲ್ಲ. ಅದರಿಂದ ಜಪಾನೂ ತಪ್ಪಿಸಿಕೊಂಡಿಲ್ಲ.

ಹಾಗಿದ್ದರೆ ನಮ್ಮಲ್ಲೂ ಸರ್ಕಾರ ಒಂದು ದರ ಕಟ್ಟಿಬಿಡಲಿ ಎನ್ನಬಹುದು. ಕರ್ನಾಟಕ ಒಮ್ಮೆ ಕಟ್ಟಿತ್ತು ಕೂಡ. ಕೋವಿಡ್‌ನ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಖಾಸಗಿ ಕೇಂದ್ರಗಳಲ್ಲಿ ಎದೆಯ ಸಿಟಿ ಸ್ಕ್ಯಾನಿಗೆ 1,500 ರೂಪಾಯಿ ಮಿತಿ ಹಾಕಿ, ಕೆಲವೇ ದಿನಗಳಲ್ಲಿ ಅದನ್ನು ಬಿಪಿಎಲ್ ಕುಟುಂಬಗಳಿಗೆ 1,500, ಉಳಿದವರಿಗೆ 2,500 ಎಂದು ತಿದ್ದಲಾಯಿತು. ಆಗ ಸೆಂಟರುಗಳ ಮುಂದೆ ಸಾಲು ನಿಂತಿತ್ತು. ಕಾಂಟ್ರಾಸ್ಟ್ ಚುಚ್ಚುಮದ್ದು ಬೇಡ, ಮೇಜಿನ ಮೇಲೆ ಕೆಲವೇ ನಿಮಿಷ, ರಿಪೋರ್ಟೂ ಹೆಚ್ಚುಕಡಿಮೆ ಒಂದೇ ನಮೂನೆಯದು. ಖಾಲಿ ಗಂಟೆಯೇ ಇಲ್ಲದ ಆ ದಿನಗಳಲ್ಲಿ 1,500 ರೂಪಾಯಿ ನಷ್ಟದ ವ್ಯಾಪಾರವಾಗಿರಲಾರದು. ಅದೇ ದರವನ್ನು ದಿನಕ್ಕೆ ಐದಾರು ಜನ ಬರುವ ತಾಲ್ಲೂಕು ಕೇಂದ್ರದ ಸೆಂಟರಿಗೆ ಸಾಮಾನ್ಯ ದಿನಗಳಲ್ಲಿ ಹೇರಿದರೆ ಅದು ಬಾಗಿಲು ಹಾಕುತ್ತದೆ, ಅಥವಾ ಬೇರೆ ಹೆಸರಿನಲ್ಲಿ ವಸೂಲಿಗೆ ಇಳಿಯುತ್ತದೆ. ಬೆಂಗಳೂರಿನ ಜಯನಗರಕ್ಕೂ ಯಾದಗಿರಿಯ ಒಂದು ತಾಲ್ಲೂಕಿಗೂ ಒಂದೇ ದರ ನ್ಯಾಯದಂತೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿದರೆ ಅದು ಜಯನಗರಕ್ಕೆ ಬೋನಸ್ಸು, ಯಾದಗಿರಿಗೆ ದಂಡ.

ಖಾಲಿ ಗಂಟೆಯೆಲ್ಲ ವ್ಯರ್ಥವೇ ಎಂದು ಕೇಳುವವರಿಗೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಪಾರ್ಶ್ವವಾಯು ಬಡಿದವರಿಗೆ ರಕ್ತದ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲವೆಂದು ಸ್ಕ್ಯಾನ್ ಮಾಡಿ ಖಾತರಿ ಮಾಡಿಕೊಳ್ಳಲೇಬೇಕು. ಸ್ರಾವವಿದ್ದಾಗ ಅದೇ ಮದ್ದು ಕೊಲ್ಲುತ್ತದೆ. ರಾತ್ರಿ ಎರಡು ಗಂಟೆಗೆ ಜಿಲ್ಲಾ ಆಸ್ಪತ್ರೆಯ ಸಿಟಿ ಯಂತ್ರ ಖಾಲಿ ಇದ್ದರೆ ಅದು ಕೆಲಸವಿಲ್ಲದೆ ಕೂತಿದೆ ಎಂದಲ್ಲ, ಸಿದ್ಧವಾಗಿದೆ ಎಂದು. ಆದ್ದರಿಂದ ನನ್ನ ವಾದ ಖಾಲಿ ಹೊತ್ತನ್ನು ಇಲ್ಲವಾಗಿಸಬೇಕೆಂದಲ್ಲ. ಸಿದ್ಧತೆಯ ಖರ್ಚನ್ನು ಸಿದ್ಧತೆಯ ಹೆಸರಿನಲ್ಲೇ, ವರ್ಷಕ್ಕೆ ಇಷ್ಟು ಎಂದು ಸಮಾಜ ಕೊಡಬೇಕು. ಹಗಲಿನ ಬೆನ್ನುನೋವಿನ ರೋಗಿಯ ಬಿಲ್ಲಿನಲ್ಲಿ ಅದನ್ನು ಅಡಗಿಸಬಾರದು. ಖಾಲಿ ಹೊತ್ತನ್ನು ಹಂಚಿಕೊಂಡು ಕಡಿಮೆ ಮಾಡುವ ದಾರಿಗಳೂ ಇವೆ. ರಿಪೋರ್ಟ್ ಬರೆಯುವ ಕೆಲಸದಲ್ಲಿ ಬೆಂಗಳೂರೇ ಇದನ್ನು ಜಗತ್ತಿಗೆ ತೋರಿಸಿತು. 2002ರಲ್ಲಿ ಅರ್ಜುನ್ ಕಲ್ಯಾಣಪುರ್ ಮತ್ತು ಸುನೀತಾ ಮಹೇಶ್ವರಿ ಇಲ್ಲಿ ಕಟ್ಟಿದ ಟೆಲಿರೇಡಿಯಾಲಜಿ ಸಂಸ್ಥೆ, ಅಮೆರಿಕದ ಆಸ್ಪತ್ರೆಗಳಲ್ಲಿ ನಡುರಾತ್ರಿ ತೆಗೆದ ಚಿತ್ರಗಳನ್ನು ನಮ್ಮ ಹಗಲಿನಲ್ಲಿ ಓದಿ ಕಳಿಸತೊಡಗಿತು. ಹತ್ತು ಆಸ್ಪತ್ರೆಗಳಲ್ಲಿ ಹತ್ತು ವೈದ್ಯರು ಅರ್ಧ ನಿದ್ದೆಯಲ್ಲಿ ಕಾಯುವ ಬದಲು ಒಬ್ಬರು ಎಚ್ಚರವಾಗಿ ಕೂತು ಓದಬಹುದು. ಯಂತ್ರವನ್ನು ಮಾತ್ರ ಹೀಗೆ ಕೇಬಲ್ಲಿನಲ್ಲಿ ಕಳಿಸಲಾಗುವುದಿಲ್ಲ. ಯಂತ್ರದ ಸ್ಥಿರ ಖರ್ಚನ್ನೇ ತಗ್ಗಿಸುವ ಯತ್ನಗಳು ನಡೆದಿವೆ: ಸಾವಿರಕ್ಕೂ ಹೆಚ್ಚು ಲೀಟರ್ ಬದಲು ಏಳೇ ಲೀಟರ್ ಹೀಲಿಯಂ ಸಾಕೆನ್ನುವ ಮುಚ್ಚಿದ ಅಯಸ್ಕಾಂತಗಳು ಬಂದಿವೆ, ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ರೂಪಿಸಿದ 1.5 ಟೆಸ್ಲಾದ ದೇಶೀ ಎಂಆರ್‌ಐ 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು.

ಅಗ್ಗದ ಯಂತ್ರ, ಅಗ್ಗದ ಸ್ಕ್ಯಾನ್ ಎಂದು ಇಲ್ಲಿಗೇ ನಿಲ್ಲಿಸಿದರೆ ಲೆಕ್ಕದ ದೊಡ್ಡ ಬಾಬ್ತೊಂದು ಬಿಟ್ಟುಹೋಗುತ್ತದೆ. ಖಾಲಿ ಗಂಟೆಯನ್ನು ತುಂಬಿಸಲು ಬಂದ ರೋಗಿಗೆ ಆ ಸ್ಕ್ಯಾನ್ ಬೇಕೇ ಇರಲಿಲ್ಲ ಎಂದಾದರೆ, ಅದು ಹುಟ್ಟಿಸುವ ಖರ್ಚು ಸೆಂಟರಿನ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 20ರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಬೆನ್ನೆಲುಬಿನ ಡಿಸ್ಕ್ ಸವೆದಂತೆ ಕಾಣುತ್ತದೆ, 80ರವರಲ್ಲಿ ಶೇ. 96 ಮಂದಿಗೆ. ನರೆಗೂದಲಿನಷ್ಟೇ ಸಹಜವಾದ ಈ ಸವೆತ ರಿಪೋರ್ಟಿನಲ್ಲಿ ಮುದ್ರಣವಾದ ಕ್ಷಣ ರೋಗವಾಗುತ್ತದೆ, ಕೆಲವರನ್ನು ಆಪರೇಷನ್ ಮೇಜಿನವರೆಗೂ ಎಳೆಯುತ್ತದೆ. ದಕ್ಷಿಣ ಕೊರಿಯಾದ ಕಥೆ ಇನ್ನೂ ಕಟುವಾದದ್ದು. 1999ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆಯ ಜೊತೆಗೆ ಆಸ್ಪತ್ರೆಗಳು 30ರಿಂದ 50 ಡಾಲರಿಗೆ ಥೈರಾಯ್ಡ್ ಅಲ್ಟ್ರಾಸೌಂಡನ್ನೂ ಸೇರಿಸಿ ಕೊಡತೊಡಗಿದವು. ಸ್ಕ್ಯಾನ್ ಅಷ್ಟು ಅಗ್ಗವಾದ್ದರಿಂದ ಬೇಡವೆನ್ನುವವರು ಕಡಿಮೆ. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರದಕ್ಕಿಂತ 15 ಪಟ್ಟಾಯಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಪತ್ತೆಯಾದವರಲ್ಲಿ ಬಹುತೇಕರು ಗ್ರಂಥಿ ತೆಗೆಸಿಕೊಂಡರು, ಅವರಲ್ಲಿ ಬಹಳಷ್ಟು ಮಂದಿ ಜೀವನಪೂರ್ತಿ ಹಾರ್ಮೋನ್ ಮಾತ್ರೆಗೆ ಬಿದ್ದರು. ಆಪರೇಷನ್ ಆದವರಲ್ಲಿ ಶೇ. 11 ಮಂದಿಗೆ ಪ್ಯಾರಾಥೈರಾಯ್ಡ್ ಕೊರತೆ, ಶೇ. 2 ಮಂದಿಗೆ ಸ್ವರತಂತುವಿನ ಪಾರ್ಶ್ವವಾಯು. 2014ರಲ್ಲಿ ವೈದ್ಯರ ಗುಂಪೊಂದು ಈ ತಪಾಸಣೆ ನಿಲ್ಲಿಸಿ ಎಂದು ಬಹಿರಂಗವಾಗಿ ಕೇಳಿಕೊಂಡ ಒಂದು ವರ್ಷದೊಳಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಗಳು ಸುಮಾರು ಶೇ. 35 ಇಳಿದವು. 30 ಡಾಲರಿನ ಆ ಸ್ಕ್ಯಾನಿನ ನಿಜವಾದ ಖರ್ಚನ್ನು ಯಾವ ಸಾಲಿನಲ್ಲಿ ಬರೆಯುವುದು?

ಇಷ್ಟು ದೂರದ ಖರ್ಚನ್ನೆಲ್ಲ ಸೇರಿಸಿದರೆ ಯಾವ ಸೇವೆಗೂ ಲೆಕ್ಕ ಹಾಕಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಸ್ಕ್ಯಾನಿನಿಂದ ತಪ್ಪಿದ ಆಪರೇಷನ್‌ಗಳನ್ನೂ, ಉಳಿದ ಜೀವಗಳನ್ನೂ ಇನ್ನೊಂದು ತಟ್ಟೆಯಲ್ಲಿಡಬೇಕು ಎಂಬುದೂ ಸರಿ. ನಾನು ಕೇಳುತ್ತಿರುವುದು ಅಷ್ಟು ದೊಡ್ಡದನ್ನಲ್ಲ. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಟಿ, ಎಂಆರ್‌ಐ ಸೇವೆ ಖಾಸಗಿ ಸಹಭಾಗಿತ್ವದಲ್ಲಿ ನಡೆಯುತ್ತದೆ. ಸ್ಕ್ಯಾನಿಗೆ ಇಷ್ಟು ಎಂದು ಹಣ ಕೊಡುವ ಒಪ್ಪಂದವು ಸ್ಕ್ಯಾನುಗಳ ಸಂಖ್ಯೆಯನ್ನು ಹೆಚ್ಚಿಸಲು ಕೊಟ್ಟ ಆಹ್ವಾನವೂ ಹೌದು. ಅದರ ಬದಲು ಯಂತ್ರ ಸಿದ್ಧವಾಗಿರುವುದಕ್ಕೆ ಒಂದು ವಾರ್ಷಿಕ ಮೊತ್ತ, ಪ್ರತಿ ರೋಗಿಯ ನೇರ ಖರ್ಚಿಗೆ ಒಂದು ಸಣ್ಣ ದರ ಎಂದು ಎರಡಾಗಿ ಒಡೆಯಬಹುದು. ಆಗ ಬೇಡದ ಸ್ಕ್ಯಾನಿನಿಂದ ಯಾರಿಗೂ ಲಾಭವಿಲ್ಲ, ಕೆಟ್ಟು ನಿಂತ ಯಂತ್ರದಿಂದ ಗುತ್ತಿಗೆದಾರರಿಗೆ ನಷ್ಟ. ಅಲ್ಲಿಯವರೆಗೆ ಪ್ರತಿ ಸರ್ಕಾರಿ ಯಂತ್ರದ ನಾಲ್ಕು ಅಂಕಿಗಳಾದರೂ ಆಸ್ಪತ್ರೆಯ ಗೋಡೆಯ ಮೇಲೆ ತಿಂಗಳು ತಿಂಗಳು ಕಾಣಲಿ: ವರ್ಷದ ಸ್ಥಿರ ಖರ್ಚು, ದುಡಿದ ಗಂಟೆ, ಮಾಡಿದ ಸ್ಕ್ಯಾನು, ಕೆಟ್ಟು ನಿಂತ ದಿನ. ಇವು ಗುಟ್ಟಿನ ಮಾಹಿತಿಯಲ್ಲ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ನಿಮ್ಮ ಜಿಲ್ಲಾ ಆಸ್ಪತ್ರೆಗೆ ಹತ್ತು ರೂಪಾಯಿಯ ಒಂದು ಅರ್ಜಿ ಹಾಕಿ, ಈ ನಾಲ್ಕನ್ನೂ ಕೇಳಿ.